ಭರವಸೆ: ಕ್ರೈಸ್ತ ಬಾಳಿನಲ್ಲಿ ದೇವರನ್ನು ನೆಚ್ಚುವುದು

ದೇವರಿದ್ದಾನೆ ಎಂದು ಒಪ್ಪುವುದು ಒಂದು, ಆತನನ್ನು ನೆಚ್ಚಿ ಬಾಳುವುದು ಇನ್ನೊಂದು. ಕ್ರೈಸ್ತ ಧರ್ಮದಲ್ಲಿ ಭರವಸೆ ಎಂದಾಗ ಹೇಳುವುದು ಈ ಎರಡನೆಯದನ್ನು. ದೇವರೊಬ್ಬನೇ ಎಂಬುದು ದೆವ್ವಗಳಿಗೂ ಗೊತ್ತು, ಆದರೆ ಆ ತಿಳಿವಿನಿಂದ ಅವಕ್ಕೆ ಹುಟ್ಟುವುದು ನಡುಕವೇ ಹೊರತು ನೆಮ್ಮದಿಯಲ್ಲ ಎಂಬ ಅರ್ಥದ ಎಚ್ಚರಿಕೆ ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯಲ್ಲಿದೆ. ತನ್ನ ಬಾಳಿನ ಭಾರವನ್ನು ದೇವರ ಮೇಲೆ ಇಳಿಸಿ, ಆತನ ಮಾತನ್ನು ಊರುಗೋಲಾಗಿ ಹಿಡಿದು, ಮುಂದಿನ ದಾರಿ ಕಾಣದಿದ್ದರೂ ಹೆಜ್ಜೆ ಇಡುವುದೇ ಭರವಸೆ.

ಕೇಳಿದ್ದು ಕೇಳಿದ ಹಾಗೆ ಸಿಕ್ಕೇ ಸಿಗುತ್ತದೆ ಎಂಬ ಖಾತರಿಯನ್ನು ಭರವಸೆ ಎಂದು ತಿಳಿಯುವವರು ಹಿಂದೆಯೂ ಇದ್ದರು, ಇಂದೂ ಬಹಳ ಮಂದಿ ಇದ್ದಾರೆ. ಬೈಬಲನ್ನು ಮೊದಲಿನಿಂದ ಕೊನೆಯವರೆಗೆ ಓದಿದವರಿಗೆ ಈ ತಿಳಿವಳಿಕೆ ನಿಲ್ಲುವುದಿಲ್ಲ ಎಂಬುದು ಗೊತ್ತಾಗುತ್ತದೆ. ಅಲ್ಲಿ ನೆಚ್ಚಿಕೊಂಡವರ ಕೈ ಕಣ್ಣು ಎರಡೂ ಕೊಡುವಾತನ ಕಡೆಗಿವೆ. ಕೊಡುಗೆ ಬಂದಾಗ ಕುಣಿದವರೂ, ಬಾರದಾಗ ಗೋಳಾಡಿದವರೂ ಅದೇ ಬಾಗಿಲಲ್ಲಿ ನಿಂತಿದ್ದಾರೆ. ಭರವಸೆ ಎಷ್ಟು ನಿಜ ಎಂಬುದು ಹೊರಬಿದ್ದಿರುವುದು ಹೆಚ್ಚಾಗಿ ಕೇಳಿದ್ದು ಕೈತಪ್ಪಿದ ಹೊತ್ತಿನಲ್ಲೇ.

ಪದಗಳು

ಹೀಬ್ರೂ ಬೈಬಲಿನಲ್ಲಿ ಇದಕ್ಕೆ ಒಂದೇ ಮಾತಿಲ್ಲ. 'ಆಮನ್' ಎಂಬ ಧಾತುವಿಗೆ ಗಟ್ಟಿಯಾಗಿರು, ಅಲುಗದೆ ನಿಲ್ಲು ಎಂಬ ಅರ್ಥ. ಪ್ರಾರ್ಥನೆಯ ಕೊನೆಯಲ್ಲಿ ಹೇಳುವ 'ಆಮೆನ್' ಇದರಿಂದಲೇ ಬಂದದ್ದು. 'ಬಾತಹ್' ಎಂದರೆ ನೆಚ್ಚು, ಒರಗು. 'ಹಾಸಾ' ಎಂದರೆ ಮೊರೆಹೊಕ್ಕು ಆಸರೆ ಪಡೆ. ಮರಿ ಹೋಗಿ ತಾಯಿಹಕ್ಕಿಯ ರೆಕ್ಕೆಯಡಿ ಸೇರುವ ಚಿತ್ರದ ಜೊತೆಗೆ ಕೀರ್ತನೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. 'ಕಾವಾ' ಎಂದರೆ ಕಾದಿರು. ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಿಲ್ಲುವುದು, ಒರಗುವುದು, ಓಡಿಬಂದು ಅಡಗುವುದು, ಕಾಯುವುದು ಎಲ್ಲವೂ ಮೈಯಿಂದ ಮಾಡುವ ಕೆಲಸಗಳೇ. ತಲೆಯೊಳಗಿನ ಅಭಿಪ್ರಾಯಕ್ಕಿಂತ ಕಾಲು ಎಲ್ಲಿ ಊರಿದೆ ಎಂಬುದು ಹೀಬ್ರೂ ಮನಸ್ಸಿಗೆ ಮುಖ್ಯವಾಗಿತ್ತು.

ಹೊಸ ಒಡಂಬಡಿಕೆಯ ಗ್ರೀಕ್ ಪದ 'ಪಿಸ್ತಿಸ್'. ಇದಕ್ಕೆ ನಂಬುವವನ ನಂಬಿಕೆ ಎಂಬ ಅರ್ಥವೂ ಇದೆ, ನಂಬಿಸಿಕೊಂಡವನ ನಿಯತ್ತು ಎಂಬ ಅರ್ಥವೂ ಇದೆ. ಪೌಲನ ಪತ್ರಗಳಲ್ಲಿ ಬರುವ ಒಂದು ಪದಗುಚ್ಛಕ್ಕೆ 'ಕ್ರಿಸ್ತನಲ್ಲಿ ಇಡುವ ನಂಬಿಕೆ' ಎಂದು ಅರ್ಥ ಹೇಳಬೇಕೋ 'ಕ್ರಿಸ್ತನ ನಂಬಿಗಸ್ತಿಕೆ' ಎನ್ನಬೇಕೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ಮುಗಿದಿಲ್ಲ. ಕನ್ನಡಿಗರಿಗೆ ಈ ಇಬ್ಬಗೆ ಹೊಸದಾಗಿ ಕಾಣಬೇಕಿಲ್ಲ: ಒಬ್ಬರು ಕೊಡುವುದೂ ಭರವಸೆ, ಇನ್ನೊಬ್ಬರು ಇಡುವುದೂ ಭರವಸೆ. ಕೊಟ್ಟ ಮಾತು, ಆ ಮಾತಿನ ಮೇಲೆ ಇಟ್ಟ ನೆಚ್ಚಿಕೆ ಎರಡನ್ನೂ ಒಂದೇ ಪದ ಹೊರುತ್ತದೆ.

ಲ್ಯಾಟಿನ್ ಸಂಪ್ರದಾಯದಲ್ಲಿ ಸಂತ ಅಗಸ್ಟೀನ (354–430) ಮೂರು ಮೆಟ್ಟಿಲುಗಳನ್ನು ಗುರುತಿಸಿದ. ದೇವರಿದ್ದಾನೆಂದು ನಂಬುವುದು, ದೇವರು ಹೇಳಿದ್ದನ್ನು ನಂಬುವುದು, ನಂಬುತ್ತ ದೇವರ ಕಡೆಗೇ ನಡೆದು ಆತನಿಗೆ ಅಂಟಿಕೊಳ್ಳುವುದು. ಮೂರನೆಯದನ್ನು ಆತ ಪ್ರೀತಿಯಿಂದ ಬೇರ್ಪಡಿಸಲಿಲ್ಲ.

ಕನ್ನಡದ ಪ್ರೊಟೆಸ್ಟಂಟ್ ಸಭೆಗಳಲ್ಲಿ ಬೈಬಲನ್ನು 'ಸತ್ಯವೇದ' ಎನ್ನುವುದು ರೂಢಿ, ಅಲ್ಲಿ 'ನಂಬಿಕೆ' ಎಂಬ ಪದ ನೆಲೆನಿಂತಿದೆ. ಕಥೋಲಿಕ ಧರ್ಮಸಭೆಯಲ್ಲಿ 'ವಿಶ್ವಾಸ' ಹೆಚ್ಚು ಬಳಕೆಯದು. ಎರಡೂ ಒಳ್ಳೆಯ ಆಯ್ಕೆಗಳೇ. 'ವಿಶ್ವಾಸ'ದ ಸಂಸ್ಕೃತ ಧಾತುವಿನಲ್ಲಿ ಉಸಿರಾಟವಿದೆ. ಅಂಜಿಕೆಯಿಲ್ಲದೆ ಉಸಿರಾಡಿಕೊಂಡಿರುವ ಸ್ಥಿತಿ ಅದು. ನಮ್ಮ ಆಡುಮಾತಿನ 'ಪ್ರೀತಿ ವಿಶ್ವಾಸ'ದಲ್ಲಿ ಅದು ಅಕ್ಕರೆಯೂ ಹೌದು. ಹಳೆಯ ಕ್ರಿಯಾಪದ 'ನೆಚ್ಚು' ಇಂದು ಸಭೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಹೀಬ್ರೂ 'ಬಾತಹ್'ಗೆ ಅದರಷ್ಟು ಹತ್ತಿರದ ಮಾತು ಸಿಗುವುದು ಕಷ್ಟ.

ಹಳೆಯ ಒಡಂಬಡಿಕೆಯಲ್ಲಿ

ಬೈಬಲಿನ ಭರವಸೆಯ ಕಥೆ ಅಬ್ರಹಾಮನಿಂದ ಮೊದಲಾಗುತ್ತದೆ. ಎಪ್ಪತ್ತೈದರ ಮುದುಕ, ಮಕ್ಕಳಿಲ್ಲದವ, ಹೆಸರು ಹೇಳದ ನಾಡೊಂದಕ್ಕೆ ಹೊರಡುತ್ತಾನೆ. ಆದಿಕಾಂಡದ 15ನೇ ಅಧ್ಯಾಯದಲ್ಲಿ ಆತ ದೇವರನ್ನು ನಂಬಿದ್ದು ಆತನ ಲೆಕ್ಕಕ್ಕೆ ನೀತಿಯಾಗಿ ಸೇರಿತು ಎಂಬ ಮಾತಿದೆ. ಮುಂದೆ ಪೌಲನೂ ಯಾಕೋಬನ ಪತ್ರಿಕೆಯೂ ಇದೇ ಮಾತನ್ನು ಎತ್ತಿಕೊಂಡು, ಒಬ್ಬರು ನಂಬಿಕೆಗೆ, ಇನ್ನೊಬ್ಬರು ನಂಬಿಕೆಯಿಂದ ಹುಟ್ಟುವ ಕ್ರಿಯೆಗೆ ಒತ್ತು ಕೊಟ್ಟರು. ಗಮನಿಸಬೇಕಾದದ್ದೆಂದರೆ ಆ ಮಾತು ಬರುವುದು ಅಬ್ರಹಾಮ ದೇವರೆದುರು ದೂರು ಹೇಳಿಕೊಂಡ ಮೇಲೆ. ನನಗೆ ಸಂತಾನವಿಲ್ಲ, ಮನೆಯ ಆಳೇ ನನ್ನ ವಾರಸುದಾರನಾಗಬೇಕಾಗಿದೆ ಎಂದು ಆತ ನೇರವಾಗಿ ಕೇಳಿದ್ದ. ಕೇಳಿದ್ದು ಭರವಸೆಗೆ ಅಡ್ಡಿಯಾಗಲಿಲ್ಲ.

ಕ್ರಿ.ಪೂ. 735ರ ಸುಮಾರಿನಲ್ಲಿ ಯೆಹೂದದ ಅರಸ ಆಹಾಜನಿಗೆ ದಮಸ್ಕ ಮತ್ತು ಇಸ್ರಾಯೇಲಿನ ಅರಸರು ಒಟ್ಟಾಗಿ ಮೇಲೆ ಬೀಳುವ ಭಯ. ಮುತ್ತಿಗೆಯಾದರೆ ಊರಿಗೆ ನೀರು ಹೇಗೆ ಎಂಬ ಚಿಂತೆಯಿಂದಲೋ ಏನೋ, ಆತ ಮೇಲಣ ಕೆರೆಯ ಕಾಲುವೆಯ ಬಳಿ ಇದ್ದಾಗ ಪ್ರವಾದಿ ಯೆಶಾಯ ಎದುರಾಗುತ್ತಾನೆ. ನೆಚ್ಚದೆ ಹೋದರೆ ನೆಲೆಯಿರುವುದಿಲ್ಲ ಎಂಬ ಅರ್ಥದ ಮಾತನ್ನು 'ಆಮನ್' ಧಾತುವಿನ ಎರಡು ರೂಪಗಳಿಂದಲೇ ಹೆಣೆದು ಹೇಳುತ್ತಾನೆ. ಬೇಕಾದರೆ ದೇವರಿಂದ ಗುರುತು ಕೇಳಿಕೋ ಎಂದೂ ಹೇಳುತ್ತಾನೆ. ದೇವರನ್ನು ಪರೀಕ್ಷಿಸಲಾರೆ ಎಂದು ಆಹಾಜ ಭಕ್ತಿಯ ಮಾತಾಡಿ ಜಾರಿಕೊಳ್ಳುತ್ತಾನೆ. ಅರಸುಗಳ ಎರಡನೆಯ ಪುಸ್ತಕದ ಪ್ರಕಾರ ಆತ ದೇವಾಲಯದ ಬೆಳ್ಳಿ ಬಂಗಾರವನ್ನು ಅಶ್ಶೂರ್ಯದ ಅರಸನಿಗೆ ಕಾಣಿಕೆ ಕಳುಹಿಸಿ ರಕ್ಷಣೆ ಕೊಂಡವನು. ಭಕ್ತಿಯ ಮಾತು ಅಪನಂಬಿಕೆಗೆ ಮುಸುಕಾಗಬಲ್ಲದು ಎಂಬುದಕ್ಕೆ ಬೈಬಲಿನಲ್ಲಿ ಇಷ್ಟು ಚೊಕ್ಕ ಉದಾಹರಣೆ ಇನ್ನೊಂದಿಲ್ಲ.

ಭರವಸೆಯ ನಿಜರೂಪ ಕಾಣಬೇಕೆಂದರೆ ಯೆರೆಮೀಯನ 32ನೇ ಅಧ್ಯಾಯ ಓದಬೇಕು. ಕ್ರಿ.ಪೂ. 587ರ ಸುಮಾರು. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಊರು ಬೀಳುತ್ತದೆ ಎಂದು ಸಾರಿದ ತಪ್ಪಿಗೆ ಯೆರೆಮೀಯ ಅರಮನೆಯ ಕಾವಲಂಗಳದಲ್ಲಿ ಸೆರೆಯಾಗಿದ್ದಾನೆ. ಆಗ ಆತನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಯೆರೂಸಲೇಮಿನ ಹೊರಗಿನ ನಾಡೆಲ್ಲ ಶತ್ರುವಿನ ತುಳಿತಕ್ಕೆ ಸಿಕ್ಕ ಹೊತ್ತು. ಆ ಹೊಲಕ್ಕೆ ಕವಡೆ ಕಾಸಿನ ಬೆಲೆಯೂ ಇರಲಾರದು. ಯೆರೆಮೀಯ 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಕ್ರಯಪತ್ರ ಬರೆಸಿ, ಸಾಕ್ಷಿಗಳ ರುಜು ಹಾಕಿಸಿ, ಮುದ್ರೆಯೊತ್ತಿದ ಪ್ರತಿ ಒಂದು, ತೆರೆದ ಪ್ರತಿ ಒಂದು ಮಾಡಿ, ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡುವಂತೆ ತನ್ನ ಲಿಪಿಕಾರ ಬಾರೂಕನಿಗೆ ಒಪ್ಪಿಸುತ್ತಾನೆ. ಮುಂದೊಂದು ದಿನ ಈ ನಾಡಿನಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯ ವಿಕ್ರಯ ಮತ್ತೆ ನಡೆಯುತ್ತದೆ ಎಂದು ದೇವರು ಹೇಳಿದ್ದಾನೆ ಎಂಬುದೇ ಕಾರಣ.

ಈ ಪ್ರಸಂಗದಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವ ಸಂಗತಿ ಮುಂದಿನದು. ಪತ್ರ ಒಪ್ಪಿಸಿದ ಮೇಲೆ ಯೆರೆಮೀಯ ಪ್ರಾರ್ಥನೆಗೆ ನಿಲ್ಲುತ್ತಾನೆ, ಆ ಪ್ರಾರ್ಥನೆಯ ಕೊನೆಯಲ್ಲಿ ದಿಗ್ಭ್ರಮೆಯಿದೆ: ಮುತ್ತಿಗೆಯ ದಿಬ್ಬಗಳು ಗೋಡೆಗೆ ತಾಗಿವೆ, ಇಂಥ ಹೊತ್ತಿನಲ್ಲಿ ಹೊಲ ಕೊಳ್ಳು ಎನ್ನುತ್ತೀಯಲ್ಲ ಎಂಬ ಅಚ್ಚರಿ. ಮೊದಲು ಹಣ ತೂಗಿದ, ಆಮೇಲೆ ಪ್ರಶ್ನೆ ಕೇಳಿದ. ಆ ಹೊಲದಲ್ಲಿ ಆತ ಒಂದು ಬೆಳೆಯನ್ನೂ ತೆಗೆದ ಸುದ್ದಿಯಿಲ್ಲ. ಊರು ಬಿದ್ದ ಮೇಲೆ ಉಳಿದ ಜನ ಆತನನ್ನು ಬಲವಂತವಾಗಿ ಐಗುಪ್ತಕ್ಕೆ ಕರೆದೊಯ್ದರು. ಇದೇ ಯೆರೆಮೀಯ ಹಿಂದೊಮ್ಮೆ ದೇವಾಲಯದ ಬಾಗಿಲಲ್ಲಿ ನಿಂತು, ಈ ಕಟ್ಟಡ ಇರುವ ತನಕ ನಮಗೇನೂ ಆಗದು ಎಂದು ನೆಮ್ಮದಿಯಾಗಿದ್ದವರ ಭರವಸೆಯನ್ನು ಸುಳ್ಳು ಎಂದು ಕರೆದವನು. ಜನ ಗುಡಿಯನ್ನು ನೆಚ್ಚಿದಾಗ ಬೇಡ ಎಂದವನೇ, ಜನ ಎಲ್ಲ ನೆಚ್ಚಿಕೆ ಬಿಟ್ಟಾಗ ಹೊಲ ಕೊಂಡ.

ಕೀರ್ತನೆಗಳ 150 ಪದ್ಯಗಳಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ಅಳಲಿನವು. ಎಷ್ಟು ದಿನ, ಯಾಕೆ, ಎಲ್ಲಿದ್ದೀ ಎಂದು ಕೇಳುವವು. ಹೆಚ್ಚಿನವು ಕೊನೆಗೆ ಹೊಗಳಿಕೆಗೆ ಹೊರಳುತ್ತವೆ. 88ನೆಯದು ಹೊರಳುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಅದನ್ನೂ ಆರಾಧನೆಯ ಪುಸ್ತಕದಿಂದ ಯಾರೂ ಕಿತ್ತುಹಾಕಲಿಲ್ಲ. ದೂರು ಕೊಡುವವನಿಗೆ ಕೇಳುವವನಿದ್ದಾನೆಂಬ ನೆಚ್ಚಿಕೆ ಇರಲೇಬೇಕಲ್ಲವೇ! ದಾನಿಯೇಲನ ಪುಸ್ತಕದ ಮೂವರು ಯುವಕರು ಬೆಂಕಿಯ ಕುಲುಮೆಯ ಮುಂದೆ ಅರಸ ನೆಬೂಕದ್ನೆಚ್ಚರನಿಗೆ ಕೊಟ್ಟ ಉತ್ತರವೂ ಇದೇ ಧಾಟಿಯದು: ನಮ್ಮ ದೇವರು ಕಾಪಾಡಬಲ್ಲ, ಕಾಪಾಡದೆ ಹೋದರೂ ನಿನ್ನ ಪ್ರತಿಮೆಗೆ ಅಡ್ಡಬೀಳೆವು.

ಯೇಸುವಿನಲ್ಲಿ

ನಾಲ್ಕು ಸುವಾರ್ತೆಗಳಲ್ಲಿ ಯೇಸು ಭರವಸೆಯನ್ನು ಬೋಧಿಸುವುದಕ್ಕಿಂತ ಹೆಚ್ಚಾಗಿ ಬಾಳಿ ತೋರಿಸುತ್ತಾನೆ. ದೋಣಿಗೆ ಅಲೆ ಅಪ್ಪಳಿಸುವಾಗ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ದೆ ಹೋಗುತ್ತಾನೆ. ದೇವರನ್ನು 'ಅಬ್ಬಾ' ಎನ್ನುತ್ತಾನೆ, ಅರಾಮಿಕ್ ಮನೆಗಳಲ್ಲಿ ತಂದೆಯನ್ನು ಕರೆಯುವ ಮಾತು ಅದು. ಬೆಟ್ಟದ ಉಪದೇಶದಲ್ಲಿ ಹಕ್ಕಿ ಹೂಗಳನ್ನು ತೋರಿಸಿ ನಾಳಿನ ಚಿಂತೆ ಬಿಡಿ ಎಂದದ್ದು ಹೊಟ್ಟೆ ತುಂಬಿದವರಿಗಲ್ಲ, ತೆರಿಗೆ ತೆತ್ತು ದಿನಗೂಲಿಯಲ್ಲಿ ಬದುಕುತ್ತಿದ್ದ ಗಲಿಲಾಯದ ಜನಕ್ಕೆ. ಆತ ಕಲಿಸಿದ ಪ್ರಾರ್ಥನೆಯಲ್ಲಿ ಕೇಳುವುದೂ ಆ ದಿನದ ಅನ್ನವನ್ನೇ. ಅರಣ್ಯದಲ್ಲಿ ಇಸ್ರಾಯೇಲರಿಗೆ ಸಿಕ್ಕ ಮನ್ನದ ನೆನಪು ಇದರ ಹಿಂದಿದೆ. ನಾಳೆಗೆಂದು ಕೂಡಿಟ್ಟ ಮನ್ನ ಹುಳ ಬಿದ್ದು ನಾರಿತು ಎಂದು ವಿಮೋಚನಕಾಂಡ ಹೇಳುತ್ತದೆ.

ಸೈತಾನನ ಶೋಧನೆಯ ಪ್ರಸಂಗ ಆಹಾಜನ ಕಥೆಯ ಪಕ್ಕದಲ್ಲಿಟ್ಟು ಓದತಕ್ಕದ್ದು. ದೇವಾಲಯದ ತುದಿಯಿಂದ ಧುಮುಕು, ದೇವದೂತರು ಎತ್ತಿ ಹಿಡಿಯುತ್ತಾರೆಂದು ಬರೆದಿದೆಯಲ್ಲ ಎಂದು ಸೈತಾನ 91ನೇ ಕೀರ್ತನೆಯನ್ನೇ ತೋರಿಸುತ್ತಾನೆ. ಮೇಲುನೋಟಕ್ಕೆ ಅದು ಭರವಸೆಯ ಪರಮಾವಧಿ. ಯೇಸು ಧರ್ಮೋಪದೇಶಕಾಂಡದ ಮಾತು ಹಿಡಿದು, ದೇವರನ್ನು ಪರೀಕ್ಷಿಸಬಾರದು ಎಂದು ನಿರಾಕರಿಸುತ್ತಾನೆ. ಆಹಾಜನ ಬಾಯಲ್ಲಿ ಬಂದದ್ದೂ ಇದೇ ಮಾತು. ಆಹಾಜನಿಗೆ ಅದು ದೇವರಿಂದ ತಪ್ಪಿಸಿಕೊಳ್ಳುವ ದಾರಿ. ಯೇಸುವಿಗೆ ತಂದೆಯ ಕೈಯನ್ನು ತಿರುಚಲು ಒಲ್ಲದ ಮಗನ ಮಾತು. ಭಕ್ತನ ಬಾಯಿಂದ ಬಂದ ವಾಕ್ಯವನ್ನಷ್ಟೇ ಕೇಳಿ ಭರವಸೆಯನ್ನು ಅಳೆಯಲಾಗದು ಎಂಬುದು ಇದರಿಂದ ಸ್ಪಷ್ಟ.

ಗೆತ್ಸೇಮನೆ ತೋಟದಲ್ಲಿ ಯೇಸು ಸಂಕಟದ ಪಾತ್ರೆಯನ್ನು ನೀಗಿಸೆಂದು ಬೇಡಿಕೊಂಡ, ಬಳಿಕ ತಂದೆಯ ಚಿತ್ತಕ್ಕೆ ಬಿಟ್ಟ. ಪಾತ್ರೆ ನೀಗಲಿಲ್ಲ. ಶಿಲುಬೆಯ ಕೆಳಗೆ ನಿಂತವರು, ದೇವರನ್ನು ನೆಚ್ಚಿದವನಲ್ಲವೇ, ದೇವರು ಈಗ ಬಿಡಿಸಲಿ ಎಂದು ಅಣಕಿಸಿದರೆಂದು ಮತ್ತಾಯ ದಾಖಲಿಸುತ್ತಾನೆ. ಬಿಡುಗಡೆಯಾದರೆ ನೆಚ್ಚಿದ್ದು ನಿಜ, ಆಗದಿದ್ದರೆ ಸುಳ್ಳು ಎಂಬುದು ಅವರ ಅಳತೆಗೋಲು. ಕೈಬಿಟ್ಟೆಯೇಕೆ ಎಂದು ಕೂಗುವ 22ನೇ ಕೀರ್ತನೆಯೂ, ಪ್ರಾಣವನ್ನು ದೇವರ ಕೈಗೆ ಒಪ್ಪಿಸುವ 31ನೇ ಕೀರ್ತನೆಯೂ ಅದೇ ಶಿಲುಬೆಯ ಮೇಲಿಂದ ಕೇಳಿಬಂದವು. ಮೊದಲನೆಯದನ್ನು ಮಾರ್ಕನೂ ಎರಡನೆಯದನ್ನು ಲೂಕನೂ ಉಳಿಸಿಕೊಟ್ಟಿದ್ದಾರೆ. ಮೂರನೆಯ ದಿನ ಎಬ್ಬಿಸಲ್ಪಟ್ಟನು ಎಂಬುದು ಕ್ರೈಸ್ತ ಭರವಸೆಯ ಬುನಾದಿ. ಆದರೆ ಆ ಎಬ್ಬಿಸುವಿಕೆ ಸಾವಿನ ಆಚೆಗೆ ನಡೆಯಿತು, ಸಾವನ್ನು ತಪ್ಪಿಸಿ ಅಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯ ನಂಬಿಕೆಯಿಂದ ಕತ್ತಿಯ ಬಾಯಿಗೆ ತಪ್ಪಿಸಿಕೊಂಡವರನ್ನು ಹೆಸರಿಸಿ, ನಾಲ್ಕೇ ಸಾಲುಗಳಲ್ಲಿ ಅದೇ ನಂಬಿಕೆಯಿಂದ ಕತ್ತಿಗೆ ಸಿಕ್ಕಿ ಸತ್ತವರನ್ನೂ ಅದೇ ಗೌರವದಿಂದ ಪಟ್ಟಿಗೆ ಸೇರಿಸುತ್ತದೆ.

ಅರ್ಧ ನಂಬಿಕೆಯವರಿಗೂ ಸುವಾರ್ತೆಯಲ್ಲಿ ಜಾಗವಿದೆ. ಮಾರ್ಕನ 9ನೇ ಅಧ್ಯಾಯದಲ್ಲಿ ಮೂರ್ಛೆರೋಗದ ಹುಡುಗನ ತಂದೆ ನಂಬುತ್ತೇನೆ ಎಂದು ಕೂಗಿ, ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೆ ಸಹಾಯ ಬೇಡುತ್ತಾನೆ. ಯೇಸು ಆತನನ್ನು ಗದರಿಸದೆ ಮಗನನ್ನು ಗುಣಪಡಿಸುತ್ತಾನೆ.

ಸಭೆಯ ಚಿಂತನೆಯಲ್ಲಿ

13ನೇ ಶತಮಾನದ ಥಾಮಸ್ ಅಕ್ವಿನಾಸ್ ದೇವರ ಮೇಲಿನ ನಿರೀಕ್ಷೆಗೆ ಎದುರಾದ ಪಾಪಗಳು ಎರಡು ಎಂದ: ಹತಾಶೆ ಮತ್ತು ದುರಹಂಕಾರದ ಮಿತಿಮೀರಿದ ನೆಚ್ಚಿಕೆ. ಒಂದು ದೇವರ ಕರುಣೆಯನ್ನು ಕಿರಿದಾಗಿಸುತ್ತದೆ, ಇನ್ನೊಂದು ಆತನ ನ್ಯಾಯವನ್ನು. ಈ ಗೆರೆ ಇಂದಿಗೂ ಕೆಲಸಕ್ಕೆ ಬರುತ್ತದೆ.

ಮಾರ್ಟಿನ್ ಲೂಥರ್ 1529ರ ದೊಡ್ಡ ಪ್ರಶ್ನೋತ್ತರಿಯಲ್ಲಿ ಮೊದಲ ಆಜ್ಞೆಯನ್ನು ವಿವರಿಸುತ್ತ, ಮನುಷ್ಯನ ಹೃದಯ ಯಾವುದಕ್ಕೆ ಜೋತುಬಿದ್ದಿದೆಯೋ ಅದೇ ಆತನ ದೇವರು ಎಂದು ತೋರಿಸಿಕೊಟ್ಟ. ಹಣದ ಗಂಟು, ವಿದ್ಯೆ, ಹೆಸರು, ನೆಂಟಸ್ತಿಕೆ ಯಾವುದೂ ಆ ಪೀಠದಲ್ಲಿ ಕೂರಬಹುದು. ಪ್ರೊಟೆಸ್ಟಂಟ್ ಸುಧಾರಣೆಯ ಚಿಂತಕರು ನಂಬಿಕೆಯಲ್ಲಿ ಅರಿವು, ಒಪ್ಪಿಗೆ, ನೆಚ್ಚಿಕೆ ಎಂಬ ಮೂರು ಅಂಶಗಳನ್ನು ಕಂಡು ಕೊನೆಯದನ್ನು ಅದರ ಜೀವವೆಂದರು. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿ ನಿಜವಾದ ನಂಬಿಕೆಯೆಂದರೆ ಅರಿವಿನೊಂದಿಗೆ ಹೃದಯದ ದೃಢ ಭರವಸೆಯೂ ಹೌದು ಎಂದಿತು. ಅದಕ್ಕೆ ಮೊದಲೇ, 1547ರಲ್ಲಿ, ಕಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ ಸುಧಾರಕರ ಈ ನಿಲುವಿಗೆ ಎಚ್ಚರಿಕೆಯ ಗೆರೆ ಎಳೆದಿತ್ತು. ನನ್ನ ಪಾಪ ಕ್ಷಮೆಯಾಗಿದೆ ಎಂಬ ಖಚಿತ ಭಾವನೆಯೊಂದೇ ಕ್ಷಮೆಗೆ ಆಧಾರವಾಗದು, ಅದು ಪೊಳ್ಳು ನೆಚ್ಚಿಕೆಯಾಗಬಹುದು ಎಂಬುದು ಅದರ ಆತಂಕ. ಎರಡೂ ಪಕ್ಷದವರು ಒಬ್ಬರನ್ನೊಬ್ಬರು ಬಲವಾಗಿ ಖಂಡಿಸಿದರು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೋಲಿಕ ಧರ್ಮಸಭೆ ಜಂಟಿ ಘೋಷಣೆಗೆ ಸಹಿ ಹಾಕಿದಾಗ, ರಕ್ಷಣೆ ದೇವರ ಕೃಪೆಯಿಂದಲೇ ಎಂಬ ಮೂಲಮಾತಿನಲ್ಲಿ ತಮ್ಮ ನಡುವೆ ಭೇದವಿಲ್ಲವೆಂದು ಒಪ್ಪಿಕೊಂಡರು. ನಾಲ್ಕೂವರೆ ಶತಮಾನ ಹಿಡಿಯಿತು.

ಕಥೋಲಿಕ ಅಧ್ಯಾತ್ಮದಲ್ಲಿ ಭರವಸೆಗೆ ಹೊಸ ದನಿ ಕೊಟ್ಟವಳು ಫ್ರಾನ್ಸಿನ ಲಿಸ್ಯೂ ಊರಿನ ಕಾರ್ಮೆಲ್ ಮಠದ ಸನ್ಯಾಸಿನಿ ಸಂತ ತೆರೇಸಾ (1873–1897). ಆಗಷ್ಟೇ ಶ್ರೀಮಂತರ ಮನೆಗಳಿಗೆ ಲಿಫ್ಟ್ ಬಂದ ಕಾಲ. ಮೆಟ್ಟಿಲು ಹತ್ತಲಾರದಷ್ಟು ಚಿಕ್ಕವಳಾದ ತನಗೆ ಯೇಸುವಿನ ತೋಳುಗಳೇ ಲಿಫ್ಟ್ ಎಂದು ಈಕೆ ಬರೆದಳು. 2023ರಲ್ಲಿ ಪೋಪ್ ಫ್ರಾನ್ಸಿಸ್ ಈಕೆಯ ಕುರಿತು ಹೊರಡಿಸಿದ ಪ್ರಬೋಧನೆಗೆ ಹೆಸರು ಬಂದದ್ದೂ ಭರವಸೆಯ ಬಗೆಗಿನ ಈಕೆಯ ಮಾತಿನಿಂದಲೇ. ಶ್ರೀವೈಷ್ಣವರ ಶರಣಾಗತಿಯ ಚರ್ಚೆ ಬಲ್ಲ ಓದುಗರಿಗೆ ಇಲ್ಲಿ ಬೆಕ್ಕಿನ ಮರಿ ನೆನಪಾದೀತು. ಕೋತಿಯ ಮರಿ ತಾಯಿಯನ್ನು ತಾನೇ ಅವುಚಿಕೊಂಡಿರಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ಜರ್ಮನ್ ಧರ್ಮಶಾಸ್ತ್ರಜ್ಞ ರೂಡಾಲ್ಫ್ ಓಟ್ಟೊ 1930ರಲ್ಲಿ ಭಾರತದ ಕೃಪಾಧರ್ಮವನ್ನೂ ಕ್ರೈಸ್ತ ಧರ್ಮವನ್ನೂ ಎದುರುಬದುರು ಇಟ್ಟು ಒಂದು ಗ್ರಂಥವನ್ನೇ ಬರೆದ.

ಬ್ರಿಸ್ಟಲಿನಿಂದ ಕೇಡಗಾಂವಿಗೆ

ಭರವಸೆಯನ್ನು ಬಾಳಿನ ಕ್ರಮವಾಗಿಸಿಕೊಂಡವರಲ್ಲಿ ಜಾರ್ಜ್ ಮುಲ್ಲರ್ (1805–1898) ಹೆಸರು ದೊಡ್ಡದು. ಪ್ರಷ್ಯದಲ್ಲಿ ಹುಟ್ಟಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ನೆಲೆಸಿದ ಈತ 1836ರಲ್ಲಿ ಬಾಡಿಗೆ ಮನೆಯೊಂದರಲ್ಲಿ ಅನಾಥಾಲಯ ತೆರೆದ. 1870ರ ವೇಳೆಗೆ ಆಶ್ಲಿ ಡೌನಿನಲ್ಲಿ ಐದು ದೊಡ್ಡ ಕಟ್ಟಡಗಳಾದವು, ಒಟ್ಟು 2,050 ಮಕ್ಕಳಿಗೆ ಜಾಗವಾಯಿತು. ಈತನ ಬದುಕಿನಲ್ಲಿ ಆ ಬಾಗಿಲು ಹೊಕ್ಕ ಮಕ್ಕಳು ಸುಮಾರು 10,000. ಸಂಬಳವಿಲ್ಲ, ಸಾಲವಿಲ್ಲ, ಯಾರ ಮುಂದೆಯೂ ಹಣ ಕೇಳುವುದಿಲ್ಲ, ಕೊರತೆಯನ್ನು ದೇವರಿಗೆ ಮಾತ್ರ ಹೇಳುವುದು ಈತನ ನಿಯಮ. ದೇವರು ಇಂದಿಗೂ ಜೀವಂತನೆಂದು ಕಳವಳದಲ್ಲಿರುವ ವಿಶ್ವಾಸಿಗಳಿಗೆ ಕಣ್ಣಾರೆ ತೋರಿಸುವುದೇ ಅನಾಥಾಲಯದ ಮೊದಲ ಉದ್ದೇಶವೆಂದು ಈತನೇ ಹೇಳಿಕೊಂಡಿದ್ದ.

ಮುಲ್ಲರನ ಕಥೆ ಹೇಳುವವರು ಊಟದ ಹೊತ್ತಿಗೆ ಬಾಗಿಲಿಗೆ ಬಂದ ರೊಟ್ಟಿಯ ಪ್ರಸಂಗಗಳನ್ನು ಹೇಳುತ್ತಾರೆ, ಲೆಕ್ಕದ ಪುಸ್ತಕವನ್ನು ಬಿಡುತ್ತಾರೆ. ಬಂದ ಪ್ರತಿ ಪೆನ್ನಿಯನ್ನೂ ಈತ ಬರೆದಿಟ್ಟ, ವರ್ಷ ವರ್ಷವೂ ವರದಿ ಅಚ್ಚು ಹಾಕಿಸಿದ. ಆ ವರದಿಗಳೇ ಒಂದು ಬಗೆಯ ಮನವಿಯಾಗಲಿಲ್ಲವೇ ಎಂದು ಟೀಕಿಸಿದವರಿದ್ದಾರೆ, ಅದರಲ್ಲಿ ಹುರುಳಿಲ್ಲದಿಲ್ಲ. ಆದರೂ ದೇವರನ್ನು ನೆಚ್ಚಿದವನು ಮನುಷ್ಯರಿಗೆ ಲೆಕ್ಕ ಒಪ್ಪಿಸಬೇಕು ಎಂಬ ಈತನ ನಿಷ್ಠೆ, ರೊಟ್ಟಿಯ ಪ್ರಸಂಗಗಳಷ್ಟೇ ಭರವಸೆಗೆ ಸೇರಿದ್ದು.

ಮುಲ್ಲರನ ಬರಹ ಭಾರತದಲ್ಲಿ ಓದುಗರೊಬ್ಬರನ್ನು ಆಳವಾಗಿ ತಟ್ಟಿತು. ಕಾರ್ಕಳದ ಮಾಳದ ಪಂಡಿತ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ತಂದೆ ತಾಯಿಯನ್ನು ಬರಗಾಲದಲ್ಲಿ ಕಳೆದುಕೊಂಡಾಗ ಅವರಿಗೆ ಹದಿನಾರರ ಆಸುಪಾಸು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1896–97ರ ಬರ ಬಂದಾಗ, ಒಮ್ಮೆ ಹಸಿವನ್ನು ಉಂಡಿದ್ದ ಇವರು ಹಸಿದ ಬಾಲೆಯರನ್ನೂ ವಿಧವೆಯರನ್ನೂ ಹುಡುಕಿ ತಂದು ಪುಣೆಯ ಬಳಿಯ ಕೇಡಗಾಂವಿನಲ್ಲಿ ಇರಿಸಿಕೊಂಡರು. ಅದೇ ಮುಕ್ತಿ ಸದನವಾಯಿತು. 1900ರ ಬಳಿಕ ಅಲ್ಲಿ ಸುಮಾರು 2,000 ಮಂದಿ ಇದ್ದರು. ಗೊತ್ತಾದ ಆದಾಯವಿಲ್ಲದೆ ಅಷ್ಟು ಹೊಟ್ಟೆಗಳನ್ನು ಹೊರುವ ಧೈರ್ಯಕ್ಕೆ ಮುಲ್ಲರ್ ಮತ್ತು ಚೀನಾದ ಮಿಷನರಿ ಹಡ್ಸನ್ ಟೇಲರ್ ಅವರ ವೃತ್ತಾಂತಗಳನ್ನು ಓದಿದ್ದು ನೆರವಾಯಿತೆಂದು ತಮ್ಮ ಸಾಕ್ಷ್ಯದಲ್ಲಿ ಬರೆದಿದ್ದಾರೆ. ಬಾವಿ ತೋಡಿಸಿದರು, ಹೊಲ ಮಾಡಿಸಿದರು, ನೇಯ್ಗೆ, ಎಣ್ಣೆಗಾಣ, ಅಚ್ಚುಕೂಟ ಎಲ್ಲವನ್ನೂ ಹೆಣ್ಣುಮಕ್ಕಳ ಕೈಗೆ ಕೊಟ್ಟರು. ಬೈಬಲನ್ನು ಮೂಲ ಭಾಷೆಗಳಿಂದ ಸರಳ ಮರಾಠಿಗೆ ತಂದರು. ಗುಲ್ಬರ್ಗದಲ್ಲಿ ಶಾಲೆ ತೆರೆದು ಮಗಳು ಮನೋರಮಾಬಾಯಿಯನ್ನು ಅದರ ಮುಖ್ಯಸ್ಥೆಯಾಗಿಸಿದರು. ಆ ಮಗಳು 1921ರಲ್ಲಿ ತೀರಿಕೊಂಡಳು. ಅನುವಾದದ ಕೆಲಸ ಮುಗಿಸಿ ಮರುವರ್ಷ ತಾಯಿಯೂ ಹೋದರು.

ಕತ್ತಲೆ

ಭರವಸೆ ಎಂಬುದು ನೆಮ್ಮದಿಯ ಅನುಭವವೇ ಆಗಿದ್ದರೆ ಕ್ರೈಸ್ತ ಸಂತರಲ್ಲಿ ಹಲವರನ್ನು ಪಟ್ಟಿಯಿಂದ ತೆಗೆಯಬೇಕಾಗುತ್ತಿತ್ತು. 16ನೇ ಶತಮಾನದ ಸ್ಪೇನಿನ ಸನ್ಯಾಸಿ ಶಿಲುಬೆಯ ಯೋಹಾನನನ್ನು ಅವನ ಸಂಘದವರೇ 1577ರಲ್ಲಿ ತೊಲೆದೊ ಊರಿನ ಇಕ್ಕಟ್ಟಾದ ಕೋಣೆಯೊಂದರಲ್ಲಿ ಕೂಡಿಹಾಕಿದರು. ಆತ್ಮದ ಕಾರಿರುಳು ಎಂಬ ಚಿತ್ರ ಕ್ರೈಸ್ತ ಬರಹಕ್ಕೆ ಬಂದದ್ದು ಈತನಿಂದ. ದೇವರು ಇಲ್ಲವೆನ್ನಿಸುವಷ್ಟು ಬರಿದಾದ ಹೊತ್ತಿನಲ್ಲೂ ನೆಚ್ಚಿಕೊಂಡಿರುವುದನ್ನು ಈತ ಸೋಲೆಂದು ಎಣಿಸದೆ ದಾರಿಯ ಒಂದು ಹಂತವೆಂದು ಕಂಡ. ಲಿಸ್ಯೂವಿನ ತೆರೇಸಾ ಕ್ಷಯದಿಂದ ಸಾಯುವ ಮೊದಲಿನ ಹದಿನೆಂಟು ತಿಂಗಳು ಇಂಥದೇ ಕತ್ತಲೆಯಲ್ಲಿದ್ದಳು. ಕೋಲ್ಕತ್ತದ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ ಲೋಕ ಬೆಚ್ಚಿತು. ಬೀದಿಯಲ್ಲಿ ಬಿದ್ದವರನ್ನು ಎತ್ತಿಕೊಂಡ ಆ ದಶಕಗಳ ಬಹುಪಾಲು ಅವರಿಗೆ ದೇವರ ಸಾನ್ನಿಧ್ಯ ಅನುಭವಕ್ಕೆ ಬಂದಿರಲಿಲ್ಲ. ಕೆಲವರು ಇದನ್ನು ನಂಬಿಕೆಯ ಅಭಾವವೆಂದರು. ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂತು, ಆಮೇಲೆ ಕುಷ್ಠರೋಗಿಯ ಗಾಯ ತೊಳೆಯಲು ಹೊರಟ ಆ ಕಾಲುಗಳನ್ನು ನೋಡಿದರೆ ಆ ತೀರ್ಪು ಸರಿಯೆನ್ನಿಸುವುದಿಲ್ಲ.

ಜರ್ಮನ್ ಪಾದ್ರಿ ಡೀಟ್ರಿಶ್ ಬಾನ್‌ಹಾಫರ್ ಹಿಟ್ಲರನ ವಿರುದ್ಧದ ಸಂಚಿನಲ್ಲಿ ಪಾಲುಗೊಂಡು 1943ರಲ್ಲಿ ಸೆರೆಯಾದ. 1944ರ ಡಿಸೆಂಬರಿನಲ್ಲಿ ಬರ್ಲಿನಿನ ಗುಪ್ತ ಪೊಲೀಸರ ನೆಲಮಾಳಿಗೆಯಿಂದ, ಮದುವೆ ನಿಶ್ಚಯವಾಗಿದ್ದ ಹುಡುಗಿಗೂ ಮನೆಯವರಿಗೂ ಹೊಸ ವರ್ಷದ ಕವಿತೆಯೊಂದನ್ನು ಕಳುಹಿಸಿದ. 1945ರ ಏಪ್ರಿಲ್ 9ರಂದು, ಯುದ್ಧ ಮುಗಿಯಲು ತಿಂಗಳಿರುವಾಗ, ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಆತನನ್ನು ಗಲ್ಲಿಗೇರಿಸಿದರು. ದೇವರ ಕಾವಲಿನಲ್ಲಿದ್ದೇನೆ ಎಂಬ ಭಾವದ ಆ ಕವಿತೆಗೆ ರಾಗ ಕೂಡಿಸಿ ಜರ್ಮನಿಯ ಸಭೆಗಳಲ್ಲಿ ವರ್ಷದ ಕೊನೆಯ ಸಂಜೆ ಹಾಡುತ್ತಾರೆ. ಬರೆದವನು ಬದುಕಿ ಉಳಿಯಲಿಲ್ಲ ಎಂಬುದು ಹಾಡುವ ಎಲ್ಲರಿಗೂ ಗೊತ್ತು.

ಹುಸಿ ಭರವಸೆ

ಭರವಸೆಯ ವೇಷ ಹಾಕಿಬರುವ ಹಲವು ಸಂಗತಿಗಳಿವೆ. 17ನೇ ಶತಮಾನದಲ್ಲಿ ಮೊಲಿನೋಸ್ ಎಂಬ ಸ್ಪೇನಿನ ಪಾದ್ರಿಯ ಹೆಸರಿನೊಂದಿಗೆ ಸೇರಿಕೊಂಡ 'ನಿಶ್ಚಲತಾವಾದ'ವು ಆತ್ಮ ಏನನ್ನೂ ಬಯಸದೆ, ಶೋಧನೆಯನ್ನೂ ಎದುರಿಸದೆ ಸುಮ್ಮನಿರಬೇಕೆಂದಿತು. ರೋಮ್ 1687ರಲ್ಲಿ ಅದನ್ನು ಖಂಡಿಸಿತು. ನಮ್ಮ ಕಾಲದಲ್ಲಿ ಇದಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವುದು ಸಮೃದ್ಧಿಯ ಸುವಾರ್ತೆ ಎನಿಸಿಕೊಂಡ ಬೋಧನೆ. ಕಾಣಿಕೆಯನ್ನು ಬೀಜವಾಗಿ ಬಿತ್ತಿದರೆ ನೂರ್ಮಡಿ ಹಣ ಬರುತ್ತದೆ, ನಂಬಿಕೆ ಸಾಕಷ್ಟಿದ್ದರೆ ಕಾಯಿಲೆ ನಿಲ್ಲದು ಎನ್ನುವ ಈ ಬೋಧನೆ ಅಮೆರಿಕದಲ್ಲಿ ಹುಟ್ಟಿ ಆಫ್ರಿಕ, ಏಷ್ಯಗಳಿಗೆ ಹಬ್ಬಿತು. 2010ರಲ್ಲಿ ಕೇಪ್‌ಟೌನಿನಲ್ಲಿ ಕೂಡಿದ ಇವಾಂಜೆಲಿಕಲ್ ಸಮಾವೇಶ ಇದನ್ನು ಬೈಬಲಿಗೆ ಒಪ್ಪದ ಬೋಧನೆಯೆಂದು ತಿರಸ್ಕರಿಸಿತು. ಇದರ ಕ್ರೌರ್ಯ ಬಯಲಾಗುವುದು ಗುಣವಾಗದ ರೋಗಿಯ ಹಾಸಿಗೆಯ ಪಕ್ಕದಲ್ಲಿ. ಕಾಯಿಲೆಯ ನೋವಿನ ಮೇಲೆ ನಿನ್ನ ನಂಬಿಕೆಯೇ ಸಾಲದು ಎಂಬ ಆಪಾದನೆಯನ್ನೂ ಹೇರುತ್ತದೆ. ಪೌಲ ತನ್ನ ಮೈಯಲ್ಲಿ ನಾಟಿದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿದ, ಅದು ಹೋಗಲಿಲ್ಲ. ಆತನ ನಂಬಿಕೆ ಸಾಲಲಿಲ್ಲವೆಂದು ಯಾರೂ ಹೇಳಿಲ್ಲ.

ಔಷಧ ಬಿಟ್ಟು ಪ್ರಾರ್ಥನೆಯನ್ನೇ ಹಿಡಿಯಬೇಕೆಂಬುದೂ ಬೈಬಲಿನ ಬೋಧನೆಯಲ್ಲ. ಕಥೋಲಿಕ ಮತ್ತು ಆರ್ಥಡಾಕ್ಸ್ ಬೈಬಲಿನ ಸಿರಾಖನ ಪುಸ್ತಕ ವೈದ್ಯನನ್ನು ಗೌರವಿಸೆಂದು ಹೇಳುತ್ತದೆ. ಪೌಲನ ಸಂಗಾತಿ ಲೂಕ ವೈದ್ಯನಾಗಿದ್ದ. ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟಿಸುವಾಗ ವೈರಿಗಳ ಸುದ್ದಿ ಬಂತು. ಜನ ದೇವರಿಗೆ ಮೊರೆಯಿಟ್ಟರು, ಹಗಲಿರುಳು ಕಾವಲನ್ನೂ ಹಾಕಿದರು. ಎರಡೂ ಒಂದೇ ವಾಕ್ಯದಲ್ಲಿವೆ. ಮಂಗಳೂರಿನಲ್ಲಿ 1880ರಲ್ಲಿ ಹೋಮಿಯೋಪತಿ ಔಷಧಾಲಯ ತೆರೆದ ಜೆಸ್ವಿಟ್ ಗುರು ಅಗಸ್ಟಸ್ ಮುಲ್ಲರ್, ಪ್ರಾರ್ಥನೆಯನ್ನೂ ಔಷಧವನ್ನೂ ಒಂದೇ ಕೈಯಲ್ಲಿ ಹಿಡಿದವರ ಸಾಲಿಗೆ ಸೇರಿದವರು. ಕಂಕನಾಡಿಯ ಆಸ್ಪತ್ರೆ ಅವರ ಹೆಸರನ್ನು ಹೊತ್ತಿದೆ.

ದಿನದ ಬಾಳಿನಲ್ಲಿ

ಸಾಮಾನ್ಯ ವಿಶ್ವಾಸಿಯ ಬಾಳಿನಲ್ಲಿ ಬೆಂಕಿಯ ಕುಲುಮೆಯೂ ನೆಲಮಾಳಿಗೆಯೂ ಬರುವುದು ಅಪರೂಪ. ಅಲ್ಲಿ ಭರವಸೆಯ ಪರೀಕ್ಷೆ ಮಗಳ ಮದುವೆ, ಬ್ಯಾಂಕಿನ ಸಾಲ, ಸ್ಕ್ಯಾನಿಂಗ್ ವರದಿ ಬರುವ ಮುಂಚಿನ ಎರಡು ದಿನಗಳಲ್ಲಿ ನಡೆಯುತ್ತದೆ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಹೊಸ ವರ್ಷಕ್ಕೆಂದು ವಾಗ್ದಾನದ ವಚನವಿರುವ ಚೀಟಿಯನ್ನು ಎತ್ತಿಕೊಳ್ಳುವ ರೂಢಿ ನಮ್ಮ ಹಲವು ಸಭೆಗಳಲ್ಲಿದೆ. ಅದನ್ನು ಭವಿಷ್ಯದ ಚೀಟಿಯಾಗಿ ಓದುವವರೂ ಇದ್ದಾರೆ, ವರ್ಷವಿಡೀ ಪ್ರಾರ್ಥನೆಗೆ ಹಿಡಿದುಕೊಳ್ಳುವ ದಾರವಾಗಿ ಓದುವವರೂ ಇದ್ದಾರೆ. ಒಂದೇ ಚೀಟಿ. ಚಿಂತೆ ಬರುವುದೇ ಅಪನಂಬಿಕೆಯಲ್ಲ. ಬಂದ ಚಿಂತೆಯನ್ನು ಎಲ್ಲಿಗೆ ಒಯ್ಯುತ್ತೇವೆ ಎಂಬುದು ಮುಖ್ಯವೆಂಬುದು ಪೇತ್ರನ ಮೊದಲ ಪತ್ರಿಕೆಯ ಧೋರಣೆ.

ಭರವಸೆಯಿರುವವರ ಬಾಳಿನಲ್ಲಿ ಕಣ್ಣಿಗೆ ಕಾಣುವ ಗುರುತು ಕೈ ಸಡಿಲವಾಗುವುದು. ನಾಳೆಯ ಭಯ ಕಡಿಮೆಯಾದಷ್ಟೂ ಇಂದು ಕೊಡುವುದು ಸುಲಭ. ಯೆರೂಸಲೇಮಿನ ಮೊದಲ ವಿಶ್ವಾಸಿಗಳು ಆಸ್ತಿ ಮಾರಿ ಹಂಚಿಕೊಂಡದ್ದು, ಬಡತನದಲ್ಲಿದ್ದ ಮಕೆದೋನ್ಯದ ಸಭೆಗಳು ದೂರದ ಯೂದಾಯಕ್ಕೆ ಹಣ ಕೂಡಿಸಿದ್ದು ಇದೇ ಸಡಿಲಿಕೆಯಿಂದ. ಆಡಿದ ಮಾತಿಗೆ ನಷ್ಟವಾದರೂ ನಿಲ್ಲುವುದು, ಲಂಚವಿಲ್ಲದೆ ಕಡತ ಕದಲುವ ತನಕ ಕಾಯುವುದು, ಅನ್ಯಾಯ ಮಾಡಿದವರ ಮೇಲೆ ಸೇಡು ತೀರಿಸದೆ ಬಿಡುವುದು ಇವೂ ಅದರ ರೂಪಗಳೇ.

ರಾತ್ರಿ ಮಲಗುವ ಮುನ್ನ ಹೇಳುವ ಪ್ರಾರ್ಥನೆಯಲ್ಲಿ ಪಶ್ಚಿಮದ ಸಭೆ ಬಹು ಹಿಂದಿನಿಂದ 31ನೇ ಕೀರ್ತನೆಯ, ಪ್ರಾಣವನ್ನು ದೇವರ ಕೈಗೆ ಒಪ್ಪಿಸುವ ಆ ಒಂದು ಸಾಲನ್ನು ಇಟ್ಟುಕೊಂಡಿದೆ. ಯೆಹೂದ್ಯರೂ ಮಲಗುವ ಮುಂಚಿನ ಪ್ರಾರ್ಥನೆಯಲ್ಲಿ ಅದನ್ನೇ ಹೇಳುತ್ತಾರೆ. ಶಿಲುಬೆಯ ಮೇಲೆ ಯೇಸು ಕೊನೆಯುಸಿರಿನಲ್ಲಿ ಆಡಿದ ಮಾತು ಅದು. ಮಠಗಳಲ್ಲಿ ದೀಪ ಆರಿಸಿ, ಮೌನಕ್ಕೆ ಮುಂಚೆ, ಎಂಬತ್ತರ ಸನ್ಯಾಸಿಯೂ ನಿನ್ನೆ ಸೇರಿದ ಹುಡುಗನೂ ಅದನ್ನು ಒಟ್ಟಿಗೆ ಹಾಡಿ ಮಲಗಲು ಹೋಗುತ್ತಾರೆ.